1991ರ ಎಂಎಕ್ಸ್-5: ಆಯಿಲ್ ಲೀಕ್, ಸೋತ ಕ್ಲಚ್, ಒದ್ದೆ ಕಾರ್ಪೆಟ್. ಮೊದಲು ಯಾವುದಕ್ಕೆ ಕೈ ಹಾಕಬೇಕು?

ರೋಡ್‌ಸ್ಟರ್91

ಗಾಡಿ 1991ರ ಮಜ್ದಾ ಎಂಎಕ್ಸ್-5, ಬಟ್ಟೆ ಟಾಪ್ ಮಡಚುವ ಎರಡು ಸೀಟಿನ ಕಾರು. 1.6 ಲೀಟರ್ ಇಂಜಿನ್, ಐದು ಗೇರಿನ ಮ್ಯಾನುಯಲ್, ಓಡಿರುವುದು 1,48,000 ಕಿ.ಮೀ. ಹಳೆಯ ಸರ್ವಿಸ್ ಕಾಗದ ಒಂದೂ ಇಲ್ಲ. ಹೊರಗಿನಿಂದ ಬಾಡಿ ಚೆನ್ನಾಗಿದೆ. ಹಿಂದಿನ ಚಕ್ರದ ಸ್ವಲ್ಪ ಮುಂದೆ, ತೀರಾ ಕೆಳಗೆ ಮಾತ್ರ ಪೇಂಟ್ ಗುಂಡುಸೂಜಿ ತಲೆಯಷ್ಟು ಎರಡು ಕಡೆ ಉಬ್ಬಿದೆ.

ಸದ್ಯದ ತೊಂದರೆಗಳು ಇವು. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತದೆ, ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ನೆಲದ ಮೇಲೆ ಅಂಗೈ ಅಗಲದ ಕಲೆ. ರಿಯರ್ ಮೇನ್ ಸೀಲ್ (ಕ್ರ್ಯಾಂಕ್, ಅಂದರೆ ಇಂಜಿನ್‌ನ ಮುಖ್ಯ ಶಾಫ್ಟ್‌ನ ಹಿಂತುದಿಯಲ್ಲಿ ಎಣ್ಣೆ ತಡೆಯುವ ರಿಂಗ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಅನ್ನುತ್ತಾರೆ ಮೆಕ್ಯಾನಿಕ್. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಇಂಜಿನ್‌ನ ಮೇಲ್ಭಾಗವಾದ ಹೆಡ್‌ನಿಂದ ಟಕಟಕ ಸದ್ದು, ಹತ್ತು ನಿಮಿಷಕ್ಕೆ ನಿಲ್ಲುತ್ತದೆ. ಕ್ಲಚ್ ಪೆಡಲ್ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿದೆ, ಮೊದಲ ಗೇರ್ ಮತ್ತು ರಿವರ್ಸ್ ಬೀಳಲು ಹಟ ಮಾಡುತ್ತವೆ. ಮಳೆ ಬಂದ ಮರುದಿನ ಸೀಟಿನ ಹಿಂದಿನ ಕಾರ್ಪೆಟ್ ಒದ್ದೆ. ಹ್ಯಾಂಡ್‌ಬ್ರೇಕ್ ಹನ್ನೊಂದು ಹನ್ನೆರಡು ಕ್ಲಿಕ್ ಎಳೆದರೂ ಇಳಿಜಾರಿನಲ್ಲಿ ಗಾಡಿ ನಿಲ್ಲುವುದಿಲ್ಲ.

ಕೋಯಿಲ್‌ಓವರ್ (ಗಾಡಿ ತಗ್ಗಿಸುವ ಸ್ಪ್ರಿಂಗ್-ಡ್ಯಾಂಪರ್ ಸೆಟ್), ಎಕ್ಸಾಸ್ಟ್ ಅಂತ ಸ್ವಲ್ಪ ಹಣ ಎತ್ತಿಟ್ಟಿದ್ದೇನೆ. ಈ ಗಾಡಿಯನ್ನು ವರ್ಷಗಟ್ಟಲೆ ಉಳಿಸಿಕೊಳ್ಳಬೇಕು ಅನ್ನುವುದೇ ಆಸೆ. ಮೊದಲ ವರ್ಷ ಯಾವ ಕೆಲಸ, ಯಾವ ಕ್ರಮದಲ್ಲಿ?

ಟಾರ್ಕ್‌ರೆಂಚ್

ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ಈ ಇಂಜಿನ್‌ನಲ್ಲಿ ಆ ಜಾಗದ ಸೋರಿಕೆಗೆ ಮೊದಲ ಆರೋಪಿ ರಿಯರ್ ಮೇನ್ ಸೀಲ್ ಅಲ್ಲ, ಹೆಡ್‌ನ ಹಿಂಭಾಗದಲ್ಲಿ ಫೈರ್‌ವಾಲ್ ಕಡೆಗೆ ಕೂತಿರುವ ಕ್ಯಾಮ್ ಆಂಗಲ್ ಸೆನ್ಸರ್ (ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಎಲ್ಲಿದೆ ಎಂದು ಇಂಜಿನ್ ಕಂಪ್ಯೂಟರ್‌ಗೆ ತಿಳಿಸುವ ಭಾಗ). ಅದರ ಕುತ್ತಿಗೆಯಲ್ಲಿ ಒಂದು ಓ-ರಿಂಗ್ ಇದೆ. ಮೂವತ್ತು ವರ್ಷ ಇಂಜಿನ್ ಬಿಸಿ ತಿಂದ ರಬ್ಬರ್ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿ, ಒಂದು ಬದಿ ಚಪ್ಪಟೆಯಾಗಿರುತ್ತದೆ. ಅಲ್ಲಿಂದ ಜಿನುಗಿದ ಎಣ್ಣೆ ಹೆಡ್‌ನ ಬೆನ್ನಿಗೆ ಅಂಟಿಕೊಂಡೇ ಇಳಿದು, ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್‌ನ ಮುಂದಿನ ಗಂಟೆಯಾಕಾರದ ಕವಚ) ಮೇಲೆ ಹರಡಿ, ಅದರ ತಳದ ಅಂಚಿನಿಂದ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ರಿಯರ್ ಮೇನ್ ಸೀಲ್‌ನಂತೆಯೇ ಕಾಣುತ್ತದೆ.

ಪರೀಕ್ಷೆ ಸುಲಭ. ಇಂಜಿನ್ ತಣ್ಣಗಿರುವಾಗ ಸೆನ್ಸರ್ ಬುಡಕ್ಕೆ ಬೆರಳು ತೂರಿಸಿ ಸವರಿ. ಬೆರಳು ಎಣ್ಣೆಯಾಗಿ ಬಂದರೆ ಅರ್ಧ ಉತ್ತರ ಸಿಕ್ಕಂತೆ. ಆಮೇಲೆ ಹೆಡ್‌ನ ಬೆನ್ನು, ಬೆಲ್‌ಹೌಸಿಂಗ್ ಎರಡನ್ನೂ ಬ್ರೇಕ್ ಕ್ಲೀನರ್‌ನಿಂದ ಚೆನ್ನಾಗಿ ತೊಳೆದು ಒಣಗಿಸಿ, 30 ಕಿ.ಮೀ. ಓಡಿಸಿ, ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ನೋಡಿ. ಮೇಲಿನಿಂದ ಕೆಳಕ್ಕೆ ಹೊಸ ಗೆರೆ ಬಿದ್ದಿದ್ದರೆ ಸೋರಿಕೆ ಮೇಲಿನದು. ಮೇಲೆಲ್ಲ ಒಣಗಿದ್ದು ಬೆಲ್‌ಹೌಸಿಂಗ್ ಒಳಗಿನಿಂದ ಮಾತ್ರ ಎಣ್ಣೆ ಬಂದರೆ ಆಗ ಸೀಲ್ ವಿಚಾರ ಮಾತಾಡೋಣ.

ಓ-ರಿಂಗ್ ಬದಲಿಸಲು ಸೆನ್ಸರ್ ಹಿಡಿದಿರುವ ಒಂದೇ ಬೋಲ್ಟ್, 12 ಮಿ.ಮೀ. ತಲೆಯದು. ಬಿಚ್ಚುವ ಮುಂಚೆ ಸೆನ್ಸರ್ ಮತ್ತು ಹೆಡ್ ಎರಡಕ್ಕೂ ತಾಗುವಂತೆ ಮೊಳೆಯಿಂದ ಒಂದು ಗೀರು ಎಳೆಯಿರಿ, ಏಕೆಂದರೆ ಸೆನ್ಸರ್ ತಿರುಗಿದರೆ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ. ಹೊಸ ಓ-ರಿಂಗ್‌ಗೆ ಇಂಜಿನ್ ಆಯಿಲ್ ಸವರಿ ಕೂರಿಸಿ. ಕೊನೆಗೆ ಟೈಮಿಂಗ್ ಲೈಟ್ ಹಿಡಿದು ನೋಡಲೇಬೇಕು: ಇಂಜಿನ್ ಬಿಸಿ, ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂದು ಬರೆದ ಎರಡು ತೂತಿಗೂ ಸೇರಿಸಿ ಒಂದು ತಂತಿ, ಐಡಲ್ 850 ಆರ್‌ಪಿಎಂ ಆಸುಪಾಸು, ಟೈಮಿಂಗ್ ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ಬರುವ ಬಿಂದು) 10 ಡಿಗ್ರಿ ಮುಂಚೆ.

ಅದೇ ಹೊತ್ತಿಗೆ ಕ್ಯಾಮ್ ಕವರ್ ಗ್ಯಾಸ್ಕೆಟ್ ಕೂಡ ಬದಲಿಸಿಬಿಡಿ, ಅದೂ ಹಿಂದಿನ ಮೂಲೆಗಳಲ್ಲಿ ಸೋರಿ ಇದೇ ದಾರಿ ಹಿಡಿಯುತ್ತದೆ. ಮೂಲೆಗಳಿಗೆ ಸಿಲಿಕೋನ್ ಸೀಲೆಂಟ್ ಒಂದೊಂದು ಚಿಕ್ಕ ಬೊಟ್ಟು ಸಾಕು. ಕವರ್ ಬೋಲ್ಟ್‌ಗಳಿಗೆ 5ರಿಂದ 9 ನ್ಯೂಟನ್ ಮೀಟರ್ ಅಷ್ಟೇ. ಬಲ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

ಟಕಟಕ ಸದ್ದು, ಆಯಿಲ್ ಒತ್ತಡದಿಂದ ವಾಲ್ವ್ ಸಂದು ಸರಿಪಡಿಸುವ ಹೈಡ್ರಾಲಿಕ್ ಲ್ಯಾಶ್ ಅಡ್ಜಸ್ಟರ್‌ಗಳದ್ದು. ಹಳೆಯ ಆಯಿಲ್‌ನ ಕೊಳೆ ಕೂತು ಅವು ಬೇಗ ತುಂಬಿಕೊಳ್ಳುವುದಿಲ್ಲ. ಬಿಸಿಯಾದ ಮೇಲೆ ನಿಲ್ಲುವುದಾದರೆ ಹೆದರಿಕೆ ಬೇಡ. ಸದ್ದು ಮುಚ್ಚಲು ದಪ್ಪ ಆಯಿಲ್ ಹಾಕುವುದು ಮಾತ್ರ ತಪ್ಪು, ತಣ್ಣನೆಯ ಇಂಜಿನ್‌ನಲ್ಲಿ ಅದು ಅಡ್ಜಸ್ಟರ್ ತಲುಪುವುದು ಇನ್ನೂ ತಡ. ಒಳ್ಳೆಯ 10ಡಬ್ಲ್ಯೂ-30, ಹೊಸ ಫಿಲ್ಟರ್ ಸೇರಿ ಸುಮಾರು 3.6 ಲೀಟರ್. 2,000 ಕಿ.ಮೀ.ಗೆ ಒಮ್ಮೆ ಬದಲಿಸಿ, ಮತ್ತೆ 2,000ಕ್ಕೆ ಇನ್ನೊಮ್ಮೆ. ಬಹಳಷ್ಟು ಸಲ ಅಷ್ಟಕ್ಕೇ ಸದ್ದು ಇಳಿಯುತ್ತದೆ.

ಗ್ಯಾರೇಜ್‌ಮೂಲೆ

ಕ್ಲಚ್ ಬಗ್ಗೆ. ಪ್ಲೇಟ್ ಸವೆದಿದ್ದರೆ ಜಾರುತ್ತದೆ: ಇಂಜಿನ್ ಏರುತ್ತದೆ, ಗಾಡಿ ಏರುವುದಿಲ್ಲ. ನಿಮ್ಮದು ಅದಲ್ಲ. ಪೆಡಲ್ ಇಳಿಯುವುದು, ಗೇರ್ ಬೀಳದಿರುವುದು ಅಂದರೆ ಪ್ಲೇಟ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಹೈಡ್ರಾಲಿಕ್ ದೋಷ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ದ್ರವವನ್ನು ತಳ್ಳುತ್ತದೆ, ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್ ಕ್ಲಚ್ ಬಿಡಿಸುತ್ತದೆ. ಈ ಗಾಡಿಯಲ್ಲಿ ಸ್ಲೇವ್ ಸವೆಯುವ ಭಾಗ ಅಂತಲೇ ಲೆಕ್ಕ.

ಗೇರ್‌ಬಾಕ್ಸ್ ಬದಿಯಲ್ಲಿ ಸ್ಲೇವ್‌ನ ರಬ್ಬರ್ ಬೂಟ್ ಇದೆ. ಅದರ ಅಂಚನ್ನು ಉಗುರಿನಿಂದ ಮೆಲ್ಲಗೆ ಸುಲಿಯಿರಿ. ಒಳಗೆ ಒಣ ಧೂಳಿದ್ದರೆ ಸರಿ. ಮಸಿಯಂಥ ಕಪ್ಪು ದ್ರವ ಬೆರಳಿಗೆ ಇಳಿದರೆ ಒಳಗಿನ ಸೀಲ್ ಹೋಗಿದೆ. ಆ ಕಪ್ಪು ಬಣ್ಣ ಸವೆದ ರಬ್ಬರ್‌ದೇ. ಹಾಗೆಯೇ ಪೆಡಲ್ ಮೇಲಿನ ಪುಶ್‌ರಾಡ್ ಮಾಸ್ಟರ್ ಸಿಲಿಂಡರ್ ಸೇರುವ ಜಾಗದಲ್ಲಿ ತೇವ ಇದೆಯಾ ನೋಡಿ.

ಸ್ಲೇವ್, ಮಾಸ್ಟರ್, ನಡುವಿನ ಫ್ಲೆಕ್ಸಿಬಲ್ ಹೋಸ್ ಮೂರನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಮಾತ್ರ ಹೊಸದು ಮಾಡಿದರೆ ಪೂರ್ತಿ ಒತ್ತಡ ಹಳೆಯದರ ಮೇಲೆ ಬಿದ್ದು ಕೆಲವೇ ತಿಂಗಳಲ್ಲಿ ಅದೂ ಸೋರುತ್ತದೆ. ಸ್ಲೇವ್‌ಗೆ 12 ಮಿ.ಮೀ. ತಲೆಯ ಎರಡು ಬೋಲ್ಟ್. ಪೈಪ್ ನಟ್‌ಗೆ ಸಾದಾ ಪಾನ ಬೇಡ, ಫ್ಲೇರ್ ಪಾನವೇ ಬೇಕು. ಇಲ್ಲದಿದ್ದರೆ ನಟ್‌ನ ಮೂಲೆ ಸವೆದು, ಅರ್ಧ ಗಂಟೆಯ ಕೆಲಸಕ್ಕೆ ಇಡೀ ದಿನ ಹೋಗುತ್ತದೆ. ಹೊಸ ಡಾಟ್-4 ಫ್ಲೂಯಿಡ್ ಹಾಕಿ, ಬರುವ ದ್ರವ ತಿಳಿಯಾಗಿ ಗುಳ್ಳೆ ನಿಲ್ಲುವ ತನಕ ಬ್ಲೀಡ್ ಮಾಡಿ.

ಹ್ಯಾಂಡ್‌ಬ್ರೇಕ್‌ಗೆ ಎಲ್ಲರೂ ಕೇಬಲ್ ಬಿಗಿ ಮಾಡುತ್ತಾರೆ, ಅಲ್ಲೇ ಎಡವುವುದು. ಮೊದಲು ಹಿಂದಿನ ಕ್ಯಾಲಿಪರ್ ಹೊಂದಿಸಬೇಕು. ಕ್ಯಾಲಿಪರ್ ಹಿಂಭಾಗದಲ್ಲಿ ಮುಚ್ಚಳದಂತೆ ಒಂದು 14 ಮಿ.ಮೀ. ಬೋಲ್ಟ್, ಅದನ್ನು ತೆಗೆದರೆ ಒಳಗೆ 4 ಮಿ.ಮೀ. ಆಲನ್ ಕೀ ಕೂರುವ ಸ್ಕ್ರೂ. ಹ್ಯಾಂಡ್‌ಬ್ರೇಕ್ ಬಿಟ್ಟು, ಚಕ್ರ ಕೈಯಲ್ಲಿ ತಿರುಗದಂತಾಗುವವರೆಗೆ ಆ ಸ್ಕ್ರೂ ಬಿಗಿ ಮಾಡಿ, ಆಮೇಲೆ ಮೂರನೇ ಒಂದು ಸುತ್ತು ಸಡಿಲಿಸಿ. ಎರಡೂ ಕಡೆ ಆದ ಮೇಲಷ್ಟೇ ಕೇಬಲ್. 5ರಿಂದ 7 ಕ್ಲಿಕ್‌ಗೆ ನಿಲ್ಲಬೇಕು. ಕೇಬಲ್ ಒಂದನ್ನೇ ಎಳೆದು ಬಿಟ್ಟರೆ ಕ್ಯಾಲಿಪರ್ ಲಿವರ್ ಪೂರ್ತಿ ಹಿಂದಕ್ಕೆ ಬರದೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ತುಕ್ಕುಬೇಟೆ

ಇಬ್ಬರೂ ಹೇಳಿದ್ದು ಸರಿ, ಆದರೆ ಕ್ರಮದ ಬಗ್ಗೆ ನನ್ನ ತಕರಾರಿದೆ. ಒದ್ದೆ ಕಾರ್ಪೆಟ್ ಮತ್ತು ಆ ಎರಡು ಉಬ್ಬು ಒಂದೇ ರೋಗದ ಎರಡು ಲಕ್ಷಣ, ಮೊದಲ ವಾರದಲ್ಲೇ ಹಿಡಿಯಬೇಕಾದ್ದು ಇದು. ಇಂಜಿನ್ ಬೇರೆ ಸಿಗುತ್ತದೆ, ಬಾಡಿ ಹೋದರೆ ಗಾಡಿಯೇ ಹೋದಂತೆ.

ಟಾಪ್‌ನ ಮೇಲೆ ಬಿದ್ದ ನೀರು ಹಿಂದಿನ ರೇನ್ ರೈಲ್‌ಗೆ ಇಳಿದು, ಸೀಟ್‌ಬೆಲ್ಟ್ ಕಂಬಗಳ ಹಿಂದೆ ಇರುವ ಎರಡು ಡ್ರೇನ್ ಕೊಳವೆಗಳ ಮೂಲಕ ಹಿಂದಿನ ಚಕ್ರದ ಮುಂದೆ ಹೊರಬರಬೇಕು. ಎಲೆಚೂರು, ಧೂಳು, ಟಾಪ್‌ನ ನೂಲು ಸೇರಿ ಅಲ್ಲಿ ಕೆಸರು ಕಟ್ಟುತ್ತದೆ. ನೀರು ಉಕ್ಕಿ ಒಂದು ಪಾಲು ಕಾರ್ಪೆಟ್‌ಗೆ, ಇನ್ನೊಂದು ಪಾಲು ಸಿಲ್ (ಬಾಗಿಲ ಕೆಳಗಿನ ಟೊಳ್ಳು ಪಟ್ಟಿ) ಒಳಕ್ಕೆ ಹೋಗುತ್ತದೆ. ಸಿಲ್ ಒಳಗಿನಿಂದ ಹೊರಗೆ ತುಕ್ಕು ಹಿಡಿಯುವುದರಿಂದ, ಪೇಂಟ್ ಉಬ್ಬುವ ಹೊತ್ತಿಗೆ ಒಳಗಿನ ತಗಡು ತೆಳ್ಳಗಾಗಿರುತ್ತದೆ.

ಅರ್ಧ ಲೀಟರ್ ನೀರನ್ನು ಮೆಲ್ಲಗೆ ಡ್ರೇನ್ ಬಾಯಿಗೆ ಸುರಿಯಿರಿ. ಕೂಡಲೇ ಕೆಳಗೆ ಧಾರೆಯಾಗಿ ಬೀಳಬೇಕು. ತೊಟ್ಟು ತೊಟ್ಟಾಗಿ ಬಂದರೆ ಕಟ್ಟಿದೆ. ಬಿಡಿಸಲು ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಅಥವಾ ಉದ್ದನೆಯ ಮೆತ್ತನೆ ಬ್ರಷ್ ಸಾಕು. ಕಬ್ಬಿಣದ ತಂತಿ ಕೊಳವೆ ತೂತು ಮಾಡುತ್ತದೆ. ಕಂಪ್ರೆಸರ್ ಗಾಳಿ ಕೊಳವೆಯನ್ನೇ ಕೀಲಿನಿಂದ ಕಳಚಿಬಿಡುತ್ತದೆ, ಆಮೇಲೆ ಎಲ್ಲ ನೀರೂ ನೇರ ಸಿಲ್‌ಗೆ.

ಆ ಉಬ್ಬಿನ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ರಟ್ಟಿನಂತೆ ಮಂದ ಸದ್ದು. ಮಂದವಾದರೆ ಕತ್ತರಿಸಿ, ಒಳ್ಳೆಯ ಲೋಹ ಸಿಕ್ಕಲ್ಲಿಂದ ಹೊಸ ಪ್ಯಾನೆಲ್ ವೆಲ್ಡ್ ಮಾಡಿಸುವುದೇ ದಾರಿ. ಮೇಲೆ ಫಿಲ್ಲರ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಮತ್ತಷ್ಟು ಬೇಗ ಓಡುತ್ತದೆ. ವೆಲ್ಡ್ ಆದ ಮೇಲೆ ಸಿಲ್ ಒಳಗೆ ಉದ್ದ ನಳಿಕೆಯಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ತಳದ ನೀರು ಇಳಿಯುವ ತೂತುಗಳು ವ್ಯಾಕ್ಸ್‌ನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಡಿಕ್ಕಿ ಕೂಡ ತೆರೆಯಿರಿ. ಬ್ಯಾಟರಿ ಅಲ್ಲಿದೆ. ಕಂಪನಿಯಿಂದ ಬಂದದ್ದು ಸೀಲ್ ಆದ ಬ್ಯಾಟರಿ, ಗಾಳಿ ಹೊರಹೋಗಲು ಕೊಳವೆ ಇರುವಂಥದ್ದು. ಸಾದಾ ಆ್ಯಸಿಡ್ ಬ್ಯಾಟರಿಯನ್ನು ವೆಂಟ್ ಕೊಳವೆ ಇಲ್ಲದೆ ಇಟ್ಟಿದ್ದರೆ ಅದರ ಆವಿ ಡಿಕ್ಕಿಯ ತಳವನ್ನು ತಿನ್ನುತ್ತದೆ. ಬಿಳಿ ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಪ್ರೈಮರ್ ಹೊಡೆಯಿರಿ.

ರೋಡ್‌ಸ್ಟರ್91

ನೋಡಿದೆ. ಸೆನ್ಸರ್ ಬುಡ ಪೂರ್ತಿ ಎಣ್ಣೆ. ಸ್ಲೇವ್ ಬೂಟ್ ಒಳಗೆ ಕಪ್ಪು ದ್ರವ. ಎಡ ಡ್ರೇನ್ ಪೂರ್ತಿ ಕಟ್ಟಿದೆ, ಆ ಕಡೆಯ ಉಬ್ಬಿನ ಸುತ್ತ ಮೂರು ಬೆರಳು ಅಗಲ ಮಂದ ಸದ್ದು. ಬಲಗಡೆ ಠಣ್ ಅನ್ನುತ್ತದೆ. ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್ ಮತ್ತು ಕ್ಯಾಮ್ ಜೋಡಿಸುವ ಬೆಲ್ಟ್) ಯಾವಾಗ ಬದಲಾಗಿದೆ ಎಂಬ ಗುರುತು ಎಲ್ಲೂ ಇಲ್ಲ. ಕ್ರ್ಯಾಂಕ್ ಪುಲ್ಲಿ ನಡುವೆ ನಾಲ್ಕು ಸೀಳು ಕಾಣುತ್ತಿವೆ, ಅದು ಮುಖ್ಯವೇ?

ಟಾರ್ಕ್‌ರೆಂಚ್

ಬಹಳ ಮುಖ್ಯ. ನಾಲ್ಕು ಸೀಳು ಅಂದರೆ ನಿಮ್ಮದು ಮೊದಲ ಅವಧಿಯ ಗಿಡ್ಡ ಮೂಗಿನ ಕ್ರ್ಯಾಂಕ್ (ಮೂಗು ಅಂದರೆ ಪುಲ್ಲಿ ಕೂರುವ ಮುಂತುದಿ). 1991ರ ಮಾಡೆಲ್‌ನ ನಡುವೆಯೇ ಉದ್ದ ಮೂಗಿಗೆ ಬದಲಾಯಿತು, ಅದರಲ್ಲಿ ಎಂಟು ಸೀಳು. ಗಿಡ್ಡದರಲ್ಲಿ ಪುಲ್ಲಿಯ ಬುಡಕ್ಕೆ ಹಿಡಿತ ಕಡಿಮೆ. ಮಧ್ಯದ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ದರೆ ಬುಡ ಅಲುಗಾಡಿ ಕೀಲಿಯನ್ನೂ (ಪುಲ್ಲಿ ಜಾರದಂತೆ ಹಿಡಿಯುವ ಚಿಕ್ಕ ಲೋಹದ ತುಂಡು) ಅದು ಕೂರುವ ತೋಡನ್ನೂ ತಿನ್ನುತ್ತದೆ, ಟೈಮಿಂಗ್ ಜರುಗುತ್ತದೆ, ಇಂಜಿನ್ ಶಕ್ತಿ ಕುಂದುತ್ತದೆ. ಐಡಲ್‌ನಲ್ಲಿ ಪುಲ್ಲಿಯ ಅಂಚನ್ನು ನೇರ ಎದುರಿನಿಂದ ನೋಡಿ. ತಟ್ಟೆ ಓಲಾಡಿದಂತೆ ಕಂಡರೆ ಗಾಡಿ ನಿಲ್ಲಿಸಿಬಿಡಿ. ಕಾಣದಿದ್ದರೆ ಧೈರ್ಯವಾಗಿ ಮುಂದುವರಿಯಬಹುದು.

ಬೆಲ್ಟ್ ಅವಧಿ 96,000 ಕಿ.ಮೀ. ದಾಖಲೆ ಇಲ್ಲ ಅಂದರೆ ಬದಲಾಗಿಲ್ಲ ಅಂತಲೇ ತಿಳಿಯಬೇಕು. ಸಮಾಧಾನವೆಂದರೆ ಈ 1.6ರಲ್ಲಿ ಬೆಲ್ಟ್ ಹರಿದರೂ ವಾಲ್ವ್ ಪಿಸ್ಟನ್‌ಗೆ ಬಡಿಯುವುದಿಲ್ಲ, ಗಾಡಿ ರಸ್ತೆಯಲ್ಲಿ ನಿಲ್ಲುತ್ತದೆ ಅಷ್ಟೇ. ಬಿಚ್ಚಿದ ಮೇಲೆ ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಎರಡು ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್ ಎಲ್ಲವೂ ಹೊಸದಿರಲಿ. ಶ್ರಮ ಪೂರ್ತಿ ಬಿಚ್ಚುವುದರಲ್ಲೇ ಇದೆ, ಭಾಗಗಳಲ್ಲಲ್ಲ.

ಜೋಡಿಸುವಾಗ ಕ್ಯಾಮ್ ಪುಲ್ಲಿಗಳ ಐ ಮತ್ತು ಇ ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಇರಬೇಕು. ಎರಡು ಸಲ ಎಣಿಸಿ. ಟೆನ್ಷನರ್ ಸಡಿಲಿಸುವ ಮುಂಚೆ ಕ್ರ್ಯಾಂಕನ್ನು ಪಾನದಿಂದ ಪ್ರದಕ್ಷಿಣವಾಗಿ ಒಂದು ಪೂರ್ಣ ಸುತ್ತು ಮತ್ತು ಆರನೇ ಐದು ಭಾಗ ತಿರುಗಿಸಿ, ಆ ಸ್ಥಾನದಲ್ಲೇ ಸ್ಪ್ರಿಂಗ್ ಎಳೆಯಲು ಬಿಟ್ಟು ಬಿಗಿ ಮಾಡಿ.

ಕ್ರ್ಯಾಂಕ್ ಸೀಲ್‌ಗಾಗಿ ಮಧ್ಯದ ಬೋಲ್ಟ್ ಬಿಚ್ಚಲೇಬೇಕು. ಪಾನ ಸಿಕ್ಕಿಸಿ ಸ್ಟಾರ್ಟರ್ ತಿರುಗಿಸಿ ಸಡಿಲಿಸುವ ಉಪಾಯ ಈ ಕ್ರ್ಯಾಂಕ್‌ಗೆ ಬೇಡವೇ ಬೇಡ. ಪುಲ್ಲಿ ಹಿಡಿಯುವ ಸಲಕರಣೆ ಬಳಸಿ. ಕೀಲಿ ಮತ್ತು ಅದು ಕೂರುವ ತೋಡಿನಲ್ಲಿ ಸವೆತ ಇದೆಯಾ ನೋಡಿ, ಹೊಸ ಬೋಲ್ಟ್ ಹಾಕಿ. ಉದ್ದ ಮೂಗಿನ ಟಾರ್ಕ್ ಇದಕ್ಕಿಂತ ಹೆಚ್ಚು, ಆದ್ದರಿಂದ ಮ್ಯಾನುಯಲ್‌ನಲ್ಲಿ ನಿಮ್ಮ ಕ್ರ್ಯಾಂಕಿನ ಅಂಕಿಯನ್ನೇ ನೋಡಿ, ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ.

ಗ್ಯಾರೇಜ್‌ಮೂಲೆ

ವಾಟರ್ ಪಂಪ್‌ಗೆ ಕೂಲೆಂಟ್ ಇಳಿಸುತ್ತೀರಲ್ಲ, ಆಗಲೇ ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ನೋಡಿ. ಹೊಸದಿದ್ದಾಗ ಕಪ್ಪು. ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿರುಕು ಬಿಡುವ ದಿನ ದೂರವಿಲ್ಲ. ಇಂಜಿನ್ ಬೆನ್ನಿನ ಹೀಟರ್ ಹೋಸ್‌ಗಳನ್ನೂ ಬದಲಿಸಿ, ಕಣ್ಣಿಗೆ ಕಾಣದ ಜಾಗವಾದ್ದರಿಂದ ಎಲ್ಲರೂ ಮರೆಯುವುದು ಅವನ್ನೇ. ಒಟ್ಟು ಕೂಲೆಂಟ್ ಸುಮಾರು 6 ಲೀಟರ್.

ಗೇರ್‌ಬಾಕ್ಸ್‌ಗೆ 75ಡಬ್ಲ್ಯೂ-90, 2 ಲೀಟರ್. ಮ್ಯಾನುಯಲ್ ಪುಸ್ತಕ ಜಿಎಲ್-4, ಜಿಎಲ್-5 ದರ್ಜೆ ಎರಡನ್ನೂ ಒಪ್ಪುತ್ತದೆ, ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆ ಸಿಂಕ್ರೋಗೆ ನನ್ನ ಆಯ್ಕೆ ಜಿಎಲ್-4. ಡಿಫರೆನ್ಷಿಯಲ್‌ಗೆ ಜಿಎಲ್-5, 0.65 ಲೀಟರ್. ಎರಡರಲ್ಲೂ ತುಂಬುವ ಪ್ಲಗ್ ಸಡಿಲವಾಗುತ್ತದೆ ಅಂತ ಖಾತ್ರಿಯಾದ ಮೇಲೆಯೇ ಇಳಿಸುವ ಪ್ಲಗ್ ಮುಟ್ಟಿ.

ಕೋಯಿಲ್‌ಓವರ್ ಈ ವರ್ಷ ಬೇಡ. ಈ ಗಾಡಿಯ ಸಸ್ಪೆನ್ಷನ್‌ಗೆ ಮೇಲೇಳುವ ಅವಕಾಶ ಮೊದಲೇ ಕಡಿಮೆ. ಹಳೆಯ ಬಂಪ್‌ಸ್ಟಾಪ್ (ಸಸ್ಪೆನ್ಷನ್ ಲೋಹಕ್ಕೆ ಬಡಿಯದಂತೆ ತಡೆಯುವ ಮೆತ್ತೆ) ಪುಡಿಯಾಗಿ ಹೋಗಿರುತ್ತದೆ, ಅದರ ಮೇಲೆ ಗಾಡಿ ತಗ್ಗಿಸಿದರೆ ಪ್ರತಿ ಗುಂಡಿಗೂ ಲೋಹಕ್ಕೆ ಲೋಹ ಬಡಿಯುತ್ತದೆ. ಹೊಸ ಡ್ಯಾಂಪರ್, ಹೊಸ ಬಂಪ್‌ಸ್ಟಾಪ್, ಹೊಸ ಬುಶ್, ಒಳ್ಳೆಯ 185/60 ಆರ್14 ಟೈರ್, 26 ಪಿಎಸ್‌ಐ ಗಾಳಿ: ಇಷ್ಟಕ್ಕೇ ಸ್ಟಿಯರಿಂಗ್ ಎಷ್ಟು ಜೀವಂತವಾಗುತ್ತದೆ ಅಂತ ಒಮ್ಮೆ ನೋಡಿ. ಟೈರ್‌ನ ಟ್ರೆಡ್ ಎಷ್ಟೇ ಇರಲಿ, ಬದಿಯ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದರೆ ರಬ್ಬರ್ ಕಲ್ಲಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಹೇಳದೆ ಕೇಳದೆ ಜಾರುತ್ತದೆ.

ವೀಲ್ ಅಲೈನ್‌ಮೆಂಟ್‌ಗೆ ಹೋಗುವ ಒಂದು ವಾರ ಮುಂಚಿನಿಂದ ಕೆಳಗಿನ ಆರ್ಮ್‌ಗಳ ಚಕ್ರದ ಓರೆ ಹೊಂದಿಸುವ ಕ್ಯಾಂಬರ್ ಬೋಲ್ಟ್‌ಗಳಿಗೆ ದಿನಾ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಬೋಲ್ಟ್ ಬುಶ್‌ನ ಒಳತೋಳಿಗೆ ಹಿಡಿದುಕೊಂಡಿದ್ದರೆ ಕತ್ತರಿಸಬೇಕಾಗುತ್ತದೆ, ಹಾಗಾಗಿ ಹೊಸ ಬೋಲ್ಟ್‌ಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ.

ತುಕ್ಕುಬೇಟೆ

ಎಡ ಸಿಲ್‌ಗೆ ವೆಲ್ಡಿಂಗ್ ಆಗುವ ತನಕ ಆ ಕಡೆಯ ಸಿಲ್ ಅಂಚಿಗೆ ಜ್ಯಾಕ್ ಕೊಡಬೇಡಿ, ಒಳಕ್ಕೆ ಕುಸಿಯುತ್ತದೆ. ಮುಂದೆ ಕ್ರಾಸ್‌ಮೆಂಬರ್, ಹಿಂದೆ ಡಿಫರೆನ್ಷಿಯಲ್ ಕೆಳಗೆ ಎತ್ತಿ. ವೆಲ್ಡರ್ ಕೈಗೆ ಗಾಡಿ ಕೊಡುವ ಮುಂಚೆ ಬ್ಯಾಟರಿ ಮತ್ತು ಇಸಿಯು (ಇಂಜಿನ್ ಕಂಪ್ಯೂಟರ್) ಎರಡರ ಕನೆಕ್ಷನ್ ಕಳಚಿ, ಆ ಬದಿಯ ಸೀಟು, ಕಾರ್ಪೆಟ್, ಸಿಲ್ ಟ್ರಿಮ್ ಹೊರಗಿಡಿ. ಕಾರ್ಪೆಟ್ ಅಡಿಯ ಸ್ಪಂಜು ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ನೀರು ಹಿಡಿದಿರುತ್ತದೆ, ಬಿಸಿಲಲ್ಲಿ ಪೂರ್ತಿ ಒಣಗಿಸಿಯೇ ವಾಪಸ್ ಹಾಕಿ.