ಸಹಾಯ ಬೇಕು: ನಟರಾಜನ್ ಹೆಸರಿನ ಗಣ್ಯರ ಪಟ್ಟಿ, ತಮಿಳು ಓದಬಲ್ಲವರು ನೋಡಿ

ಎಲ್ಲರಿಗೂ ನಮಸ್ಕಾರ. ನಟರಾಜನ್ ಹೆಸರಿನ ಪ್ರಸಿದ್ಧರ ಪಟ್ಟಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ, ವಿಂಗಡಣೆಗೆ ಕೈ ಬೇಕು.

ತೊಡಕು ಇನಿಷಿಯಲ್‌ನದು. ವೇಗದ ಬೌಲರ್ ಟಿ. ನಟರಾಜನ್‌ಗೆ (ಸೇಲಂ ಜಿಲ್ಲೆ, 2020ರ ಡಿಸೆಂಬರ್‌ನಲ್ಲಿ ಭಾರತ ತಂಡಕ್ಕೆ) ಅದು ಸ್ವಂತ ಹೆಸರು, 'ಟಿ' ಅಂದರೆ ತಂಗರಸು, ತಂದೆ. ಟಾಟಾ ಸನ್ಸ್‌ನ ಎನ್. ಚಂದ್ರಶೇಖರನ್ ಅವರಲ್ಲಿ ಆ 'ಎನ್'ಏ ನಟರಾಜನ್! ಖಗೋಳ ವಿಜ್ಞಾನಿ ಪ್ರಿಯಂವದಾ ನಟರಾಜನ್ ಅವರಿಗೂ ಅದು ತಂದೆಯ ಹೆಸರೇ, ಕೊನೆಯಲ್ಲಿ ಬಂದಿದೆ ಅಷ್ಟೇ. ಕೊನೆಯ ಪದ ನೋಡಿ ಅಕಾರಾದಿ ಜೋಡಿಸಿದರೆ ಬೌಲರ್ ಮತ್ತು ಪ್ರಿಯಂವದಾ ಒಂದೇ ಮನೆತನದವರಂತೆ ಕಾಣುತ್ತಾರೆ, ಚಂದ್ರಶೇಖರನ್ ಬೇರೆ ಕಡೆ ಹೋಗುತ್ತಾರೆ. ಹಾಗಾಗಿ ಸ್ವಂತ ಹೆಸರಿಗೆ ಒಂದು ಕಾಲಂ, ತಂದೆ ಅಥವಾ ಗಂಡನ ಹೆಸರಿಗೆ ಇನ್ನೊಂದು.

ಬೇಕಾಗಿರುವುದು: ಇನಿಷಿಯಲ್‌ನ ಪೂರ್ಣರೂಪ, ಹುಟ್ಟಿದ ವರ್ಷ, ಊರು, ಒಂದು ಸಾಲಿನ ಪರಿಚಯ. ಹಿಂದಿ ವಿರೋಧಿ ಚಳವಳಿಯಲ್ಲಿ 1939ರ ಜನವರಿಯಲ್ಲಿ ಮಡಿದ ನಟರಾಜನ್ ಅವರಂಥ ಹಳಬರು ಸಿಕ್ಕರೆ ಇನ್ನೂ ಒಳ್ಳೆಯದು. ಕ್ರಿಕೆಟಿಗರು, ಸಿನಿಮಾದವರು ಹೇಗೂ ಸಿಗುತ್ತಾರೆ. ಹುಡುಕುವಾಗ 'ನಡರಾಜನ್', 'ನಡರಾಜಾ' ಎಂದೂ ಹಾಕಿ, ಶ್ರೀಲಂಕಾ, ಮಲೇಷ್ಯಾದವರು ಹಾಗೆ ಬರೆಯುತ್ತಾರೆ. ನಮ್ಮ ಕಡೆಯ ನಟರಾಜ್, ನಟರಾಜು ಇದರಲ್ಲಿ ಬೇಡ, ದಯವಿಟ್ಟು.