ಅಪ್ಪ ಅಮ್ಮನಿಗೆ ಫ್ಲೂ, ಕೋವಿಡ್ ಲಸಿಕೆ: ಮನೆ ಹತ್ತಿರದ ಕ್ಲಿನಿಕ್‌ನಲ್ಲೇ ಹಾಕಿಸಿದವರು ಇದ್ದೀರಾ?

ಅಪ್ಪನಿಗೆ 71, ಶುಗರ್ ಇದೆ. ಅಮ್ಮನಿಗೆ 66. ಇಬ್ಬರೂ ಮೈಸೂರಿನಲ್ಲಿದ್ದಾರೆ. ಕೋವಿಶೀಲ್ಡ್ ಎರಡು ಡೋಸ್ ಆಗಿತ್ತು, 2022ರಲ್ಲಿ ಪ್ರಿಕಾಷನ್ ಡೋಸ್ (ಮೂರನೆಯದು) ಕೂಡ ಆಯಿತು, ಅಲ್ಲಿಗೆ ನಿಂತಿದೆ. ಫ್ಲೂದು ಯಾವತ್ತೂ ಹಾಕಿಸಿಲ್ಲ. ಕಳೆದ ಮಳೆಗಾಲದಲ್ಲಿ ಅಪ್ಪ ಮೂರು ವಾರ ಕೆಮ್ಮಿ ಕೆಮ್ಮಿ ಸೊರಗಿಹೋದರು. ದೊಡ್ಡ ಆಸ್ಪತ್ರೆ ಅಂದರೆ ಅವರು ಬಾಗಿಲು ದಾಟುವುದಿಲ್ಲ. ಚಿಕ್ಕ ಕ್ಲಿನಿಕ್‌ನಲ್ಲಿ ಆಗುತ್ತದಾ? ಹಾಕಿಸಿದವರು ಹೇಳಿ.

—

ಆಗುತ್ತದೆ, ಆದರೆ ಮೊದಲು ಫೋನ್ ಮಾಡಿ. ನಾನು ಮಾಡದೆ ಹೋಗಿ ಪೆಟ್ಟು ತಿಂದೆ.

ಹೋದ ವರ್ಷ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ, ಮನೆಯಿಂದ ಎರಡು ರಸ್ತೆ ಆಚೆ. ಮೊದಲನೇ ಕ್ಲಿನಿಕ್‌ನಲ್ಲಿ ಫ್ಲೂ ಲಸಿಕೆ ಸ್ಟಾಕೇ ಇಲ್ಲ. ಎರಡನೆಯದರಲ್ಲಿ ಇತ್ತು, ಆದರೆ ಡಾಕ್ಟರ್ ಡಬ್ಬ ತಿರುಗಿಸಿ ತೋರಿಸಿದರು, ಮೇಲೆ ಹಿಂದಿನ ಸೀಸನ್ನಿನ ವರ್ಷ ಅಚ್ಚಾಗಿತ್ತು. "ಇದು ಹಳೇದು, ಹೊಸದು ಮುಂದಿನ ವಾರ ಬರುತ್ತೆ, ಕಾಯ್ತೀರಾ?" ಅಂದರು. ಸುಮ್ನೆ ಚುಚ್ಚಿ ಕಳಿಸಬಹುದಿತ್ತು, ಅಲ್ವಾ? ಆವತ್ತಿನಿಂದ ನಮ್ಮ ಮನೆಗೆ ಅವರೇ ಡಾಕ್ಟರ್. ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ, ಅದಕ್ಕೆ ಲಸಿಕೆಯಲ್ಲಿ ಏನಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್ಒ) ವರ್ಷಕ್ಕೆ ಎರಡು ಸಲ ಹೇಳುತ್ತದೆ, ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ. ನಮ್ಮ ಕಡೆ ಫ್ಲೂ ಜಾಸ್ತಿ ಆಗುವುದು ಮಳೆಯ ಜೊತೆ, ಆಮೇಲೆ ಮತ್ತೆ ಜನವರಿಯಿಂದ ಮಾರ್ಚ್‌ವರೆಗೆ. ಮಳೆ ಹಿಡಿಯುವ ಮೊದಲೇ ಹಾಕಿಸಿದರೆ ಒಳ್ಳೆಯದು. ಲಸಿಕೆ ಕೆಲಸ ಶುರು ಮಾಡುವುದಕ್ಕೆ ಸುಮಾರು ಎರಡು ವಾರ ಬೇಕು.

ದುಡ್ಡು ಕೊಡಲೇಬೇಕು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಇಲ್ಲ. ನಮಗೆ ಒಬ್ಬರಿಗೆ 1,800 ಚಿಲ್ಲರೆ ಆಯಿತು.

ಕೋವಿಡ್ ಕಥೆಯೇ ಬೇರೆ. ಮೂರು ಕಡೆ ಕೇಳಿದೆ, ಮೂರೂ ಕಡೆ ಇಲ್ಲ. ಯಾಕೆ ಅಂತ ಅದೇ ಡಾಕ್ಟರ್ ಬಿಡಿಸಿ ಹೇಳಿದರು. ಫ್ಲೂದು ಮೊದಲೇ ತುಂಬಿಸಿದ ಒಂಟಿ ಸಿರಿಂಜ್, ಒಬ್ಬರು ಬಂದರೂ ಸಾಕು. ಕೋವಿಶೀಲ್ಡ್ ಬಾಟಲಿ ಅಂದರೆ ಹತ್ತು ಜನರದ್ದಾಗಿತ್ತು, ಒಮ್ಮೆ ಓಪನ್ ಮಾಡಿದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕಿತ್ತು. 2021ರಲ್ಲಿ ಹೊರಗೆ ನೂರು ಜನ ಕ್ಯೂ ನಿಂತಿದ್ದರು, ಸರಿ. ಈಗ ದಿನಕ್ಕೊಬ್ಬರು ಬಂದು ಕೇಳಿದರೆ ಉಳಿದ ಒಂಬತ್ತು ಚರಂಡಿಗೆ. ಹಾಗಾಗಿ ಕೋವಿಡ್‌ಗೆ ಕಾಯುತ್ತಾ ಫ್ಲೂ ಮುಂದಕ್ಕೆ ಹಾಕಬೇಡಿ.

ಇನ್ನೊಂದು ವಿಷಯ, ನಗಬೇಡಿ. ನಮ್ಮಪ್ಪ ಇಸ್ತ್ರಿ ಮಾಡಿದ ತುಂಬು ತೋಳಿನ ಶರ್ಟ್ ಹಾಕಿಕೊಂಡು ಬಂದಿದ್ದರು. ತೋಳು ಮಡಚಿದರೆ ಮೊಣಕೈಗೆ ಗಂಟು ಬಿದ್ದು ಮೇಲೆ ಏರುವುದೇ ಇಲ್ಲ. ಕೊನೆಗೆ ಗುಂಡಿ ಬಿಚ್ಚಿ, ಒಂದು ಭುಜ ಹೊರಗೆ ಹಾಕಿ, ಬನಿಯನ್‌ನಲ್ಲಿ ದೇವರ ಪೂಜೆಗೆ ಕೂತ ಹಾಗೆ ಕೂತರು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲವಂತೆ. ಶರ್ಟ್ ಸುಕ್ಕಾಯಿತು ಅಂತ ಮನೆ ತನಕ ಗೊಣಗಿದರು.

—

ನಾನು ನರ್ಸ್. ಮೇಲಿನವರು ಹೇಳಿದ್ದು ಸರಿ, ಸ್ವಲ್ಪ ಸೇರಿಸುತ್ತೇನೆ. ಜ್ವರ ಇದ್ದರೆ ಆವತ್ತು ಬೇಡ, ಇಳಿದ ಮೇಲೆ ಹೋಗಿ. ರಕ್ತ ತೆಳು ಮಾಡುವ ಮಾತ್ರೆ ತಗೋತಾ ಇದ್ದರೆ ಮೊದಲೇ ಹೇಳಿ, ಚುಚ್ಚಿದ ಜಾಗ ಒಂದೆರಡು ನಿಮಿಷ ಜಾಸ್ತಿ ಒತ್ತಿ ಹಿಡಿಯಬೇಕಾಗುತ್ತದೆ, ಅಷ್ಟೇ. ಹಿಂದೆ ಯಾವುದಾದರೂ ಲಸಿಕೆಗೆ ಜೋರು ಅಲರ್ಜಿ ಆಗಿದ್ದರೆ ಅದನ್ನಂತೂ ಮುಚ್ಚಿಡಬೇಡಿ. ಮುಗಿದ ತಕ್ಷಣ ಆಟೋ ಹತ್ತಬೇಡಿ, ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.

ಮೆಡಿಕಲ್ ಶಾಪ್‌ನಲ್ಲಿ ಲಸಿಕೆ ಕೊಂಡು ಕ್ಲಿನಿಕ್‌ಗೆ ಒಯ್ಯುವವರು ತುಂಬಾ ಜನ. ಜೇಬಲ್ಲಿಟ್ಟು ಬಿಸಿಲಲ್ಲಿ ಬರುತ್ತಾರೆ! 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು ಅದು. ಹಾಗಂತ ಐಸ್‌ಗೆ ಅಂಟಿಸಿಯೂ ತರಬೇಡಿ, ಹೆಪ್ಪುಗಟ್ಟಿದರೆ ಎಸೆಯಬೇಕು. ಕ್ಲಿನಿಕ್‌ನವರೇ ತರಿಸಿದರೆ ತಲೆನೋವಿಲ್ಲ. "ಲಸಿಕೆ ಹಾಕಿಸಿದ್ದಕ್ಕೇ ಫ್ಲೂ ಬಂತು" ಅನ್ನುವವರಿಗೆ: ಸೂಜಿಯಲ್ಲಿ ಕೊಡುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಕೈನೋವು, ಒಂದೆರಡು ದಿನ ಮೈಕೈ ಭಾರ, ಅದು ಮಾಮೂಲು.

—

ನಮ್ಮದು ಮಗಳ ಕೇಸು, ಐದು ವರ್ಷ. ಒಂಬತ್ತು ವರ್ಷದ ಒಳಗಿನ ಮಕ್ಕಳಿಗೆ ಫ್ಲೂ ಲಸಿಕೆ ಮೊದಲ ಸಲ ಆದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಇರುತ್ತದೆ. ನಮಗೆ ಯಾರೂ ಹೇಳಲಿಲ್ಲ, ಕಾರ್ಡ್ ನೋಡಿ ಬೇರೆ ಡಾಕ್ಟರ್ ಹೇಳಿದರು. ದೊಡ್ಡವರಿಗೆ ವರ್ಷಕ್ಕೊಂದೇ.

—

ಇಂಗ್ಲೆಂಡ್‌ನಿಂದ. ಅತ್ತೆಗೆ 77, ನಮ್ಮ ಜೊತೆ ಇಲ್ಲೇ ಇದ್ದಾರೆ. 2025ರ ಅಕ್ಟೋಬರ್‌ನಲ್ಲಿ ಬೀದಿ ಕೊನೆಯ ಔಷಧಿ ಅಂಗಡಿಯಲ್ಲೇ ಎರಡೂ ಒಂದೇ ದಿನ ಆಯಿತು, ಎಡಗೈಗೆ ಒಂದು, ಬಲಗೈಗೆ ಒಂದು, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಲೆಕ್ಕ, ಪುಕ್ಕಟೆ. ಆ ಸಲ ಇಲ್ಲಿ ಫ್ಲೂ 65 ಆದವರಿಗೆಲ್ಲ ಇತ್ತು, ಕೋವಿಡ್ ಮಾತ್ರ 75 ಆಗಿರಬೇಕಿತ್ತು, ವೃದ್ಧಾಶ್ರಮದಲ್ಲಿ ಇರಬೇಕಿತ್ತು, ಇಲ್ಲವೇ ರೋಗನಿರೋಧಕ ಶಕ್ತಿ ತೀರಾ ಕಮ್ಮಿ ಇರಬೇಕಿತ್ತು. ಎರಡೂ ಕೈ ನೋವು ಅಂತ ಮಾರನೇ ದಿನ ಚಪಾತಿ ಲಟ್ಟಿಸುವ ಕೆಲಸ ನನ್ನ ಗಂಡನಿಗೆ ಬಿತ್ತು. ಅದಕ್ಕೇ ವಾರದ ಕೊನೆಗೆ ಹಾಕಿಸಿ.

—

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಕ್ಲಿನಿಕ್‌ಗೆ ಫೋನ್ ಮಾಡಿದೆ, ಫ್ಲೂ ಇದೆ, ಹೊಸ ಸೀಸನ್ನಿಂದೇ ಅಂತೆ, ಡಬ್ಬದ ಫೋಟೋನೂ ಕಳಿಸಿದರು. ಕೋವಿಡ್ ಇಲ್ಲ. ಶನಿವಾರ ಹನ್ನೊಂದಕ್ಕೆ ಬರೋಕೆ ಹೇಳಿದ್ದಾರೆ. ಅಪ್ಪನ ಹತ್ತಿರ ಅರ್ಧ ತೋಳಿನ ಶರ್ಟ್ ಇದೆಯಾ ಅಂತ ಅಮ್ಮನನ್ನು ಕೇಳಿದೆ. ಒಂದೇ ಒಂದು ಇತ್ತಂತೆ, ಹೋದ ತಿಂಗಳು ಅದನ್ನ ಗಾಡಿ ಒರೆಸೋಕೆ ಹಾಕಿದ್ದಾರಂತೆ.