ಕುದುರೆಯ ಕಾಲಿನ ಟೆಂಡನ್: ಸ್ನಾಯುವೋ, ನರವೋ, ರಜ್ಜುವೋ?

ಬಳಗದವರಿಗೆ ನಮಸ್ಕಾರ.

ಕುದುರೆ ಸಾಕುವವರಿಗಾಗಿ ಕಾಲಿನ ಗಾಯಗಳ ಬಗ್ಗೆ ಒಂದು ಸಣ್ಣ ಕನ್ನಡ ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಮೈಸೂರಿನ ಟಾಂಗಾದವರು, ರೇಸ್ ಕುದುರೆಗಳ ಲಾಯದಲ್ಲಿ ದುಡಿಯುವ ಸೈಸ್‌ಗಳು, ಕುಣಿಗಲ್ ಕಡೆ ಕುದುರೆಮರಿ ಬೆಳೆಸುವವರು ಅದನ್ನು ಓದಬೇಕು, ಓದು ಬಾರದವರಿಗೆ ಓದಿ ಹೇಳಿದರೂ ತಿಳಿಯಬೇಕು. ಟೆಂಡನ್ (ಮಾಂಸಖಂಡವನ್ನು ಎಲುಬಿಗೆ ಕಟ್ಟುವ ನಾರು) ಮತ್ತು ಲಿಗಮೆಂಟ್ (ಎಲುಬನ್ನು ಎಲುಬಿಗೆ ಕಟ್ಟುವ ನಾರು) ಎಂಬ ಎರಡು ಮಾತುಗಳ ಬಳಿ ಕೆಲಸ ನಿಂತಿದೆ. ಹೆಸರು ತಪ್ಪಿದರೆ ಆರೈಕೆಯೂ ತಪ್ಪುವ ಜಾಗ ಇದಾದ್ದರಿಂದ ತುಸು ವಿವರವಾಗಿಯೇ ಕೇಳುತ್ತೇನೆ.

ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ಸ್ನಾಯು ಸೆಳೆತ’, ‘ಮಂಡಿರಜ್ಜು’, ‘ಅಸ್ಥಿರಜ್ಜು’ ದಿನವೂ ಕಾಣುತ್ತವೆ. ಶಾಲೆಯ ವಿಜ್ಞಾನದಲ್ಲಿ ಟೆಂಡನ್ ಎಂದರೆ ಸ್ನಾಯುರಜ್ಜು; ಲಿಗಮೆಂಟ್ ಎಂದರೆ ಅಸ್ಥಿರಜ್ಜು ಅಥವಾ ಅಸ್ಥಿಬಂಧ. ಮನುಷ್ಯರ ವಿಷಯದಲ್ಲಿ ಇವು ಹೇಗೋ ನಡೆಯುತ್ತವೆ. ಕುದುರೆಯ ಕಾಲಿಗೆ ಬಂದಾಗ ಒಂದೊಂದೂ ಎಡವುತ್ತದೆ.

ಮುಂಗಾಲಿನಲ್ಲಿ ನಾವು ಕುದುರೆಯ ಮಂಡಿ ಎಂದು ಕರೆಯುವ ಕೀಲು ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮನಾದದ್ದು. ಅದರಿಂದ ಕೆಳಗೆ ಮಾಂಸಖಂಡ ಇಲ್ಲವೆಂದೇ ಹೇಳಬೇಕು. ಇರುವುದು ಎಲುಬು, ಅದರ ಹಿಂದೆ ಬಿಗಿಯಾಗಿ ಇಳಿದ ಟೆಂಡನ್‌ಗಳು, ಅವುಗಳ ಮೇಲೆ ಚರ್ಮ. ಕಾಲನ್ನೆತ್ತಿ ಮಡಿಸಿ, ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಸವರಿದರೆ ಚರ್ಮದ ಅಡಿಯಲ್ಲಿ ಮೊದಲು ಸಿಗುವುದೇ ಓಟದ ಕುದುರೆಗಳಲ್ಲಿ ಹೆಚ್ಚಾಗಿ ಹರಿಯುವ ಟೆಂಡನ್. ಪೆಟ್ಟಾಗಿದ್ದರೆ ಅಲ್ಲಿ ಬಿಸಿ ಇರುತ್ತದೆ, ಅಂಚು ಮೊಂಡಾಗಿರುತ್ತದೆ, ಒತ್ತಿದಾಗ ಕುದುರೆ ಕಾಲು ಎಳೆದುಕೊಳ್ಳುತ್ತದೆ. ಇಂಥ ಕಡೆ ‘ಸ್ನಾಯು ಸೆಳೆತ’ ಎಂದು ಬರೆದರೆ ಇಲ್ಲದ ಮಾಂಸಖಂಡದ ಬಗ್ಗೆ ಬರೆದಂತಾಗುತ್ತದೆ. ಓದಿದವರು ಎಣ್ಣೆ ಹಚ್ಚಿ ತಿಕ್ಕುತ್ತಾರೆ, ನಾಲ್ಕು ದಿನ ಬಿಟ್ಟು ಗಾಡಿಗೆ ಹೂಡುತ್ತಾರೆ. ಮಾಂಸಖಂಡಕ್ಕೆ ರಕ್ತ ಧಾರಾಳ, ಬೇಗ ಕೂಡಿಕೊಳ್ಳುತ್ತದೆ. ಟೆಂಡನ್‌ಗೆ ರಕ್ತ ಕಡಿಮೆ. ಹರಿದ ಎಳೆಗಳ ಜಾಗದಲ್ಲಿ ಮೊದಲು ತುಂಬಿಕೊಳ್ಳುವುದು ಒಂದಕ್ಕೊಂದು ಅಡ್ಡಾದಿಡ್ಡಿ ಹೆಣೆದುಕೊಂಡ, ಹಿಗ್ಗು ಕಡಿಮೆಯಿರುವ ನಾರು. ಗಾಯ ದೊಡ್ಡದಿದ್ದರೆ ಮತ್ತೆ ಓಟಕ್ಕಿಳಿಸಲು 9ರಿಂದ 12 ತಿಂಗಳು ಬೇಕು.

‘ಸ್ನಾಯು’ವಿನ ಕಥೆಯೇ ಬೇರೆ. ಸುಶ್ರುತ ಸಂಹಿತೆಯಲ್ಲಿ ಪೇಶಿ 500, ಸ್ನಾಯು 900, ಕಂಡರ 16 ಎಂದು ಲೆಕ್ಕವಿದೆ. ಅಲ್ಲಿ ಮಾಂಸಖಂಡಕ್ಕೆ ಪೇಶಿ ಎಂದು ಹೆಸರು; ಸ್ನಾಯು ಕೀಲುಗಳನ್ನು ಬಿಗಿಯುವ ನಾರು; ಕಂಡರ ಇನ್ನೂ ದಪ್ಪನೆಯದು. ಅಂದರೆ ಲಿಗಮೆಂಟಿಗೆ ಹತ್ತಿರವಾಗಿದ್ದ ಪದವನ್ನು ಈಗಿನ ಕನ್ನಡ ಮಾಂಸಖಂಡಕ್ಕೆ ಕೊಟ್ಟುಬಿಟ್ಟಿದೆ. ಅದನ್ನು ಹಿಂದಕ್ಕೆ ಪಡೆಯುವುದು ಆಗದ ಮಾತು. ‘ಕಂಡರ’ವನ್ನು ಮತ್ತೆ ತರಬಹುದೇ ಎಂದು ಯೋಚಿಸಿದೆ. ಆಯುರ್ವೇದ ಓದಿದವರ ಹೊರಗೆ ಯಾರಿಗೂ ಅದು ತಲುಪುವುದಿಲ್ಲ.

ಆಡುಮಾತಿನಲ್ಲಿ ಎಲ್ಲಕ್ಕೂ ‘ನರ’. ಕಾಲಿನ ನರ ಊದಿದೆ, ನರ ಎಳೆದಿದೆ ಎನ್ನುತ್ತಾರೆ. ಲಾಯಗಳಲ್ಲಿ ಕೇಳಿಬರುವ ಉರ್ದುವಿನ ‘ನಸ್’ ಎಂಬ ಮಾತಿಗೂ ಇಷ್ಟೇ ಹರವಿದೆ. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ತಮಿಳಿನ ನರಂಬು, ತೆಲುಗಿನ ನರಮು ಕೂಡ ಹೀಗೆಯೇ ಬಿಗಿಯುವ ನಾರನ್ನೂ ರಕ್ತನಾಳವನ್ನೂ ಒಟ್ಟಿಗೆ ಹೊತ್ತಿರುವ ಪದಗಳು. ನಮ್ಮ ನರ ಆ ಮನೆತನದ್ದು. ಆದರೆ ಈ ಕೈಪಿಡಿಯಲ್ಲಿ ಅದನ್ನು ಬಳಸಲು ಭಯವಾಗುತ್ತದೆ, ಕಾರಣವಿದೆ. ಕುಂಟುವ ಕುದುರೆಯ ನೋವು ಎಲ್ಲಿದೆ ಎಂದು ಹುಡುಕಲು ವೈದ್ಯರು ನರಕ್ಕೆ ಮರಗಟ್ಟಿಸುವ ಮದ್ದು ಚುಚ್ಚುತ್ತಾರೆ. ಹಿಂಗಾಲಿನ ಸಸ್ಪೆನ್ಸರಿ ಲಿಗಮೆಂಟಿನ (ಗೊರಸಿನ ಮೇಲಿನ ಕೀಲನ್ನು ಹಿಂದಿನಿಂದ ಹಿಡಿದಿರುವ ಲಿಗಮೆಂಟ್) ಮೇಲ್ತುದಿಯ ಹಳೆಯ ನೋವಿಗೆ ಅಲ್ಲಿಗೆ ಹೋಗುವ ನರವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದೇ ಪುಟದಲ್ಲಿ ಟೆಂಡನ್ನನ್ನೂ ನರ ಎಂದರೆ ಓದುವವರು ಏನನ್ನು ಕತ್ತರಿಸಿದರೆಂದು ತಿಳಿಯಬೇಕು?

ಈಗಿನ ನನ್ನ ಒಲವು ಹೀಗಿದೆ. ಟೆಂಡನ್ ಲಾಯದಲ್ಲಿ ಈಗಾಗಲೇ ಬಳಕೆಯಲ್ಲಿರುವ ಮಾತು. ಅದನ್ನು ಹಾಗೆಯೇ ಇಟ್ಟು, ಮೊದಲ ಸಲ ಬಂದಾಗ ಸ್ನಾಯುರಜ್ಜು ಎಂದು ಪೂರ್ತಿ ಹೇಳುವುದು, ಎಲ್ಲಿಯೂ ‘ಸ್ನಾಯು’ ಎಂದು ಮೊಟಕುಗೊಳಿಸದಿರುವುದು. ಲಿಗಮೆಂಟಿಗೆ ಅಸ್ಥಿರಜ್ಜುವಿಗಿಂತ ಅಸ್ಥಿಬಂಧ ಮೇಲು. ಎರಡೂ ರಜ್ಜುಗಳಾದರೆ ಓದುವ ಅವಸರದಲ್ಲಿ ಒಂದೇ ಆಗಿಬಿಡುತ್ತವೆ. ಅಸ್ಥಿಬಂಧವನ್ನು ಮುರಿದ ಮೂಳೆಗೆ ಹಾಕುವ ಕಟ್ಟು ಎಂದು ತಿಳಿಯುವ ಅಪಾಯವಿದೆಯೇ, ಹೇಳಿ.

ಸಸ್ಪೆನ್ಸರಿ ಲಿಗಮೆಂಟಿಗೆ ‘ತೂಗುಬಂಧ’ ಎಂಬ ಸಲಹೆ ಬಂದಿದೆ. ನನಗೆ ಒಪ್ಪಿಗೆಯಾಗಲಿಲ್ಲ, ಅದು ಏನನ್ನೂ ತೂಗುಹಾಕಿಲ್ಲ. ಕಾಲಿನ ಕೆಳಭಾಗದ ಉದ್ದನೆಯ ನಳಿ ಎಲುಬಿನ ಹಿಂದೆ ಮೇಲಿನಿಂದ ಇಳಿದು, ಎರಡಾಗಿ ಕವಲೊಡೆದು, ಗೊರಸಿನ ಮೇಲಿರುವ ಫೆಟ್ಲಾಕ್ ಕೀಲನ್ನು ಜೋಲಿಯಲ್ಲಿ ಮಗುವನ್ನು ಹಿಡಿದಂತೆ ಹಿಂದಿನಿಂದ ಹಿಡಿದಿರುತ್ತದೆ. ಕುದುರೆ ಹೆಜ್ಜೆಯೂರಿದಾಗ ಆ ಕೀಲು ನೆಲಕ್ಕೆ ಕುಸಿಯದಿರುವುದು ಇದರಿಂದ. ‘ಜೋಲಿಬಂಧ’ ಎನ್ನಬಹುದೇ? ಕುದುರೆಯ ಪೂರ್ವಜರಲ್ಲಿ ಇದು ಮಾಂಸಖಂಡವಾಗಿದ್ದದ್ದು, ಈಗಲೂ ಒಳಗೆ ಒಂದಿಷ್ಟು ಮಾಂಸದ ಎಳೆ ಉಳಿದಿದೆ. ಸ್ಕ್ಯಾನ್ ಓದುವವರಿಗೆ ಇದು ತಲೆನೋವೇ.

ಇನ್ನು ಚಿಕಿತ್ಸೆಯ ಪದಗಳು. ಮೊದಲ ದಿನಗಳ ತಣ್ಣೀರು, ಬ್ಯಾಂಡೇಜು, ಊತ ಇಳಿಸುವ ಔಷಧಿಗೆ ಹೊಸ ಮಾತು ಬೇಡ. ಡೆಂಗಿಯ ದಯೆಯಿಂದ ಪ್ಲೇಟ್‌ಲೆಟ್ ಮನೆಮಾತಾಗಿದೆ. ಕುದುರೆಯದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಗಾಯಕ್ಕೆ ಚುಚ್ಚುತ್ತಾರೆ ಎಂದರೆ ಸಾಕು. ಮೂಳೆಮಜ್ಜೆಯ ಕೋಶಗಳನ್ನು ಬೆಳೆಸಿ ಟೆಂಡನ್‌ಗೆ ಹಾಕುವ ವಿಧಾನವನ್ನು ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ರೋಜರ್ ಸ್ಮಿತ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಈ ಸ್ಟೆಮ್ ಸೆಲ್‌ಗಳನ್ನು ‘ಕಾಂಡಕೋಶ’ ಎನ್ನುವುದಕ್ಕಿಂತ ‘ಆಕರಕೋಶ’ ಅರ್ಥವತ್ತಾಗಿದೆ. ಗಾಯದ ಜಾಗಕ್ಕೆ ಯಂತ್ರದಿಂದ ಅಲೆಗಳನ್ನು ಹಾಯಿಸುವ ‘ಶಾಕ್ ವೇವ್’ ಚಿಕಿತ್ಸೆಗೆ ‘ಆಘಾತ ತರಂಗ’ ಬೇಡವೇ ಬೇಡ. ಶಾಕ್ ಎಂದರೆ ನಮ್ಮವರಿಗೆ ಕರೆಂಟು, ಇದರಲ್ಲಿ ಕರೆಂಟು ಹಾಯಿಸುವುದಿಲ್ಲ. ‘ಒತ್ತಡದ ಅಲೆ’ ಎಂದು ಬರೆದಿದ್ದೇನೆ.

ಒಂದು ಪದದ ಬಗ್ಗೆ ಮಾತ್ರ ಹಟ ಹಿಡಿಯುತ್ತೇನೆ. ಕಾಸಿದ ಕಬ್ಬಿಣದಿಂದ ಕಾಲಿನ ಚರ್ಮದ ಮೇಲೆ ಗೆರೆಯನ್ನೋ ಚುಕ್ಕೆಯನ್ನೋ ಸುಡುವ ಹಳೆಯ ಪದ್ಧತಿಗೆ ‘ಅಗ್ನಿಕರ್ಮ’ ಎಂಬ ಗೌರವದ ಹೆಸರು ಕೊಡಬಾರದು. ನಮ್ಮ ಹಳ್ಳಿಗಳಲ್ಲಿ ದನಗಳಿಗೆ ಮಾಡುತ್ತಿದ್ದದ್ದೂ ಇದೇ, ಅದಕ್ಕೆ ‘ಬರೆ’ ಎಂಬ ನೇರವಾದ ಮಾತಿದೆ. ಬ್ರಿಸ್ಟಲ್‌ನಲ್ಲಿ ಇಯಾನ್ ಸಿಲ್ವರ್ ತಂಡ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೆಯಿಂದ ಟೆಂಡನ್‌ಗೆ ಉಪಕಾರ ಕಾಣಲಿಲ್ಲ. 1991ರಲ್ಲಿ ಬ್ರಿಟನ್ನಿನ ಪಶುವೈದ್ಯರ ನಿಯಂತ್ರಣ ಸಂಸ್ಥೆಯಾದ ರಾಯಲ್ ಕಾಲೇಜು (ಮೇಲೆ ಹೇಳಿದ ಲಂಡನ್ನಿನ ಕಾಲೇಜಲ್ಲ) ಅದನ್ನು ವೃತ್ತಿಧರ್ಮಕ್ಕೆ ವಿರುದ್ಧವೆಂದಿತು. ಬರೆ ಎಂದು ಓದಿದಾಗ ಆಗುವ ನೋವು ಓದುವವರಿಗೆ ಆಗಲಿ.

ಕೊನೆಯದಾಗಿ ‘ವಾಸಿ’. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ಕುಂಟು ನಿಲ್ಲುತ್ತದೆ, ಎಲ್ಲರೂ ವಾಸಿಯಾಯಿತು ಎನ್ನುತ್ತಾರೆ. ಒಳಗಿನ ನಾರು ಆಗ ಇನ್ನೂ ಹಸಿ. ಹಗ್ಗ ಹಿಡಿದು ನಡೆಸುತ್ತ, ನಡಿಗೆಯ ಹೊತ್ತನ್ನು ತಿಂಗಳಿಂದ ತಿಂಗಳಿಗೆ ಹೆಚ್ಚಿಸುತ್ತ, ನಡುನಡುವೆ ಸ್ಕ್ಯಾನ್ ಮಾಡಿಸುತ್ತ ಆ ನಾರು ಎಳೆತದ ದಿಕ್ಕಿಗೆ ಸಾಲುಗೂಡುವವರೆಗೆ ಕಾಯಬೇಕು. ಮೊದಲ ಹಂತಕ್ಕೆ ಗಾಯ ‘ಮಾಯುವುದು’, ಎರಡನೆಯದಕ್ಕೆ ಟೆಂಡನ್ ‘ಮಾಗುವುದು’ ಎಂದು ಬರೆಯಬೇಕೆಂದಿದ್ದೇನೆ. ಮಾಯು, ಮಾಗು ಕಿವಿಗೆ ಒಂದೇ ತರಹ ಕೇಳಿಸಿ ಗೊಂದಲವಾಗುತ್ತದೆಯೇ? ಗಾಡಿ ಎತ್ತುಗಳ ಕಾಲುನೋವಿನಲ್ಲಿ ಈ ಎರಡು ಹಂತಗಳಿಗೆ ನಿಮ್ಮ ಕಡೆ ಬೇರೆ ಬೇರೆ ಮಾತುಗಳಿದ್ದರೆ ಊರಿನ ಹೆಸರಿನೊಂದಿಗೆ ತಿಳಿಸಿ.